ಜೇನ್ನೊಣಕ್ಕೆ ಬಣ್ಣ ಕಾಣುತ್ತದೆಯೇ? - ಒಂದು ಪ್ರಯೋಗದ ವಿನ್ಯಾಸ

ಪ್ರಾಣಿವರ್ತನೆಯ ಅಧ್ಯಯನದಲ್ಲಿ ಒಂದು ತೊಡಕಿದೆ. ಏನು ಕಂಡಿತೆಂದು ಪ್ರಾಣಿಯನ್ನು ಕೇಳುವಂತಿಲ್ಲ; ಅದು ಮಾಡಿದ್ದನ್ನು ನೋಡಿ ನಾವೇ ತೀರ್ಮಾನಿಸಬೇಕು. ಆದರೆ ಒಂದೇ ವರ್ತನೆಗೆ ಹಲವು ಕಾರಣಗಳಿರಬಹುದು. ಬೇಡದ ಕಾರಣಗಳನ್ನು ಒಂದೊಂದಾಗಿ ಹೊರಗಿಡುವಂತೆ ಪ್ರಯೋಗವನ್ನು ರೂಪಿಸುವುದು ಹೇಗೆ? ಕಾರ್ಲ್ ಫಾನ್ ಫ್ರಿಶ್ ಅವರು 1914ರಲ್ಲಿ ಪ್ರಕಟಿಸಿದ ಜೇನ್ನೊಣದ ಪ್ರಯೋಗ ಇದಕ್ಕೆ ಒಳ್ಳೆಯ ಉದಾಹರಣೆ.

ಜೇನ್ನೊಣಗಳಿಗೆ ಬಣ್ಣ ತಿಳಿಯದು ಎಂಬುದು ಆಗ ಜರ್ಮನಿಯ ಹೆಸರಾಂತ ನೇತ್ರತಜ್ಞ ಕಾರ್ಲ್ ಫಾನ್ ಹೆಸ್ ಅವರ ವಾದವಾಗಿತ್ತು. ಕತ್ತಲಲ್ಲಿಟ್ಟ ನೊಣಗಳಿಗೆ ಬೇರೆ ಬೇರೆ ಬಣ್ಣದ ಬೆಳಕನ್ನು ತೋರಿಸಿದಾಗ, ಅವು ಬಣ್ಣವನ್ನು ಲೆಕ್ಕಿಸದೆ ಹೆಚ್ಚು ಉಜ್ವಲವಾದ ಕಡೆಗೆ ಹೋಗುತ್ತಿದ್ದವು.

ಫ್ರಿಶ್ ನೊಣಗಳನ್ನು ಆಹಾರ ಹುಡುಕುವ ಸನ್ನಿವೇಶದಲ್ಲಿ ಪರೀಕ್ಷಿಸಿದರು. ನೀಲಿ ಕಾಗದದ ಮೇಲೆ ಸಕ್ಕರೆ ದ್ರಾವಣವಿಟ್ಟು ಅವುಗಳಿಗೆ ಅಭ್ಯಾಸ ಮಾಡಿಸಿದರು. ಅನಂತರ ನೊಣಗಳು ನೀಲಿ ಕಾಗದಕ್ಕೆ ಬಂದರೆ ಬಣ್ಣ ಕಂಡಿತೆಂದು ಹೇಳಬಹುದೇ? ಆತುರ ಬೇಡ. ಮೂರು ಸಂದೇಹಗಳು ಉಳಿಯುತ್ತವೆ.

1. ಉಜ್ವಲತೆ: ಕಪ್ಪು-ಬಿಳುಪು ಛಾಯಾಚಿತ್ರದಲ್ಲಿ ನೀಲಿ ಬಣ್ಣವೂ ಒಂದು ಬಗೆಯ ಬೂದಾಗಿಯೇ ಕಾಣುತ್ತದೆ. ಬಣ್ಣಗುರುಡು ಕಣ್ಣಿಗೂ ಹಾಗೆಯೇ. ನೊಣದ ಕಣ್ಣಿಗೆ ಯಾವ ಬೂದು ಈ ನೀಲಿಗೆ ಸಮವೆಂದು ನಮಗೆ ತಿಳಿಯದು. ಆದ್ದರಿಂದ ಫ್ರಿಶ್ ಬಿಳಿಯಿಂದ ಕಪ್ಪಿನವರೆಗೆ ನಾನಾ ಛಾಯೆಗಳ ಬೂದು ಕಾಗದಗಳನ್ನು ನೀಲಿಯ ಸುತ್ತ ಜೋಡಿಸಿದರು. ನೊಣಕ್ಕೆ ಬಣ್ಣ ಕಾಣದಿದ್ದರೆ, ಇವುಗಳಲ್ಲಿ ಯಾವುದಾದರೊಂದನ್ನು ನೀಲಿಯೆಂದು ಭ್ರಮಿಸಲೇಬೇಕು.

2. ಸ್ಥಳ: ನೊಣ ಕಾಗದವಿದ್ದ ಜಾಗವನ್ನಷ್ಟೇ ನೆನಪಿಟ್ಟಿರಬಹುದು. ಆದ್ದರಿಂದ ಕಾಗದಗಳ ಸ್ಥಾನವನ್ನು ಆಗಾಗ ಬದಲಿಸಲಾಯಿತು.

3. ವಾಸನೆ: ಪರೀಕ್ಷೆಯ ವೇಳೆಗೆ ಹೊಸ ಕಾಗದ, ಖಾಲಿ ಬಟ್ಟಲುಗಳನ್ನಿಟ್ಟರು. ಕಾಗದಗಳನ್ನು ಗಾಜಿನಿಂದ ಮುಚ್ಚಿಯೂ ನೋಡಿದರು.

ಆಗಲೂ ನೊಣಗಳು ನೀಲಿಗೇ ಬಂದವು. ಕೆಂಪು ಕಾಗದಕ್ಕೆ ಅಭ್ಯಾಸ ಮಾಡಿಸಿದಾಗ ಮಾತ್ರ ಅದನ್ನು ಕಪ್ಪು ಮತ್ತು ಕಡುಬೂದಿನೊಡನೆ ಗೊಂದಲ ಮಾಡಿಕೊಂಡವು. ಈ ವಿಫಲತೆಯೂ ಮುಖ್ಯ. ಕಣ್ಣಿಗೆ ಬಣ್ಣ ಕಾಣದಿದ್ದರೆ ಈ ಪ್ರಯೋಗ ಅದನ್ನು ಬಯಲು ಮಾಡಬಲ್ಲದು ಎಂಬುದಕ್ಕೆ ಅದೇ ಸಾಕ್ಷಿ.

ಹಾಗಾದರೆ ಹೆಸ್ ಕಂಡದ್ದು ಸುಳ್ಳೇ? ಅಲ್ಲ. ಕತ್ತಲಿನಿಂದ ಪಾರಾಗಲು ಹವಣಿಸುವ ನೊಣಕ್ಕೆ ಬೇಕಾದದ್ದು ಬೆಳಕು, ಬಣ್ಣವಲ್ಲ. ವೀಕ್ಷಣೆ ಸರಿ, ತೀರ್ಮಾನ ತಪ್ಪು. ಪ್ರಾಣಿ ಒಂದು ಸಾಮರ್ಥ್ಯವನ್ನು ಬಳಸಲಿಲ್ಲ ಎಂದ ಮಾತ್ರಕ್ಕೆ ಅದು ಇಲ್ಲವೆಂದು ಹೇಳಲಾಗದು.

ಇನ್ನೆರಡು ಎಚ್ಚರಿಕೆಗಳನ್ನು ಇಲ್ಲಿ ಸೇರಿಸಬೇಕು. ಬರ್ಲಿನ್ನಿನ 'ಜಾಣ ಹ್ಯಾನ್ಸ್' ಎಂಬ ಕುದುರೆ ಲೆಕ್ಕಗಳಿಗೆ ಗೊರಸು ಬಡಿದು ಉತ್ತರಿಸುತ್ತಿತ್ತು. ಪ್ರಶ್ನಿಸಿದವನಿಗೇ ಉತ್ತರ ತಿಳಿಯದಿದ್ದಾಗ ಅದು ಸೋಲುತ್ತದೆಂದು ಆಸ್ಕರ್ ಫುಂಗ್ಸ್ಟ್ 1907ರಲ್ಲಿ ತೋರಿಸಿದರು. ಪ್ರಶ್ನಿಸುವವರ ತಲೆಯ ಅತಿಸೂಕ್ಷ್ಮ ಚಲನೆಯನ್ನು ಕುದುರೆ ಗಮನಿಸುತ್ತಿತ್ತು! ಆದ್ದರಿಂದ ಸರಿಯುತ್ತರ ತಿಳಿಯದವರಿಂದಲೇ ಪರೀಕ್ಷೆ ಮಾಡಿಸುವುದು ಕ್ಷೇಮ.

ಎರಡನೆಯದು ಎಣಿಕೆ. ಒಂದೇ ನೊಣ ನೂರು ಬಾರಿ ಬಂದರೆ ಅದು ನೂರು ನೊಣಗಳ ಸಾಕ್ಷ್ಯವಾಗದು. ಒಂದೇ ತಂತಿಯ ರೋಧವನ್ನು ನೂರು ಬಾರಿ ಅಳೆದರೆ ಆ ತಂತಿಯ ಬಗ್ಗೆ ಖಚಿತತೆ ಹೆಚ್ಚುತ್ತದೆ. ಉಳಿದ ತಂತಿಗಳ ಬಗ್ಗೆ ಅಲ್ಲ. ನೊಣಗಳಿಗೆ ಬಣ್ಣದ ಚುಕ್ಕೆಯಿಟ್ಟು ಗುರುತಿಸುವುದು, ಬೇರೆ ಬೇರೆ ಗೂಡುಗಳಲ್ಲಿ ಪ್ರಯೋಗವನ್ನು ಪುನರಾವರ್ತಿಸುವುದು ಅಗತ್ಯ.

ಶಾಲೆಯಲ್ಲಿ ಇರುವೆ, ಗುಬ್ಬಿ, ಮೀನು ಯಾವುದರ ಮೇಲೆ ವೀಕ್ಷಣೆ ನಡೆಸಿದರೂ, ಆರಂಭಿಸುವ ಮೊದಲು ವಿದ್ಯಾರ್ಥಿಗಳಿಂದ ಒಂದು ವಾಕ್ಯ ಬರೆಸಿ: "ಯಾವ ಫಲಿತಾಂಶ ಬಂದರೆ ನನ್ನ ಊಹೆ ತಪ್ಪೆಂದು ಒಪ್ಪುವೆ?" ಇದಕ್ಕೆ ಉತ್ತರ ದೊರೆಯದಿದ್ದರೆ ವಿನ್ಯಾಸವನ್ನು ತಿದ್ದಬೇಕು.