ಯಾವ ದೇಶಕ್ಕೂ ಸೇರದವರ ಹಕ್ಕು

ಯಾವ ದೇಶದ ಕಾನೂನೂ ತನ್ನ ಪ್ರಜೆಯೆಂದು ಪರಿಗಣಿಸದ ವ್ಯಕ್ತಿಯನ್ನು 1954ರ ವಿಶ್ವಸಂಸ್ಥೆಯ ಒಡಂಬಡಿಕೆ ಪೌರತ್ವವಿಲ್ಲದ ವ್ಯಕ್ತಿ ಎಂದು ಗುರುತಿಸುತ್ತದೆ. ಇಂಥವರೆಲ್ಲ ನಿರಾಶ್ರಿತರಲ್ಲ, ಹುಟ್ಟಿದ ಊರಲ್ಲೇ ಬದುಕು ಸವೆಸಿದರೂ ಪೌರತ್ವ ಸಿಗದವರು ಬಹಳಷ್ಟಿದ್ದಾರೆ. ಪಾಸ್‌ಪೋರ್ಟ್, ಮತದಾನಗಳ ಮಾತಿರಲಿ, ಮಗುವಿನ ಜನನ ನೋಂದಣಿ, ಶಾಲೆಯ ಸೇರ್ಪಡೆಗಳೂ ಅವರಿಗೆ ಕಷ್ಟವಾಗುತ್ತವೆ. ಮನುಷ್ಯನಾಗಿ ಹುಟ್ಟಿದ ಮಾತ್ರಕ್ಕೇ ಹಕ್ಕುಗಳು ದಕ್ಕುತ್ತವೆ ಎಂಬ ನಂಬಿಕೆಗೆ ಅವರ ಬದುಕೇ ಕಠಿಣ ಪರೀಕ್ಷೆ.

ಈ ಸಮಸ್ಯೆ ದೊಡ್ಡ ಪ್ರಮಾಣದಲ್ಲಿ ಕಾಣಿಸಿಕೊಂಡದ್ದು ಮೊದಲ ಮಹಾಯುದ್ಧದ ನಂತರ. ಆಸ್ಟ್ರಿಯಾ-ಹಂಗೇರಿ, ರಷ್ಯಾ, ಆಟೊಮನ್ ಸಾಮ್ರಾಜ್ಯಗಳು ಕುಸಿದ ನೆಲದಲ್ಲಿ ಹೊಸ ದೇಶಗಳು ಹುಟ್ಟಿದವು. ಅವುಗಳಲ್ಲಿ ಹೆಚ್ಚಿನವು ಒಂದೊಂದು ಜನಾಂಗದ ಹೆಸರಿನಲ್ಲಿ ನಿಂತವು. ಆದರೆ ಆ ನೆಲದಲ್ಲಿ ಹಲವು ಭಾಷೆ, ಧರ್ಮಗಳ ಜನ ಬೆರೆತು ಬಾಳುತ್ತಿದ್ದರು. 1921ರಲ್ಲಿ ಸೋವಿಯತ್ ಸರ್ಕಾರ ದೇಶ ಬಿಟ್ಟುಹೋಗಿದ್ದ ಲಕ್ಷಾಂತರ ರಷ್ಯನ್ನರ ಪೌರತ್ವವನ್ನು ಕಿತ್ತುಕೊಂಡಿತು. ಅವರಿಗಾಗಿ 1922ರಲ್ಲಿ ರಾಷ್ಟ್ರಸಂಘದ ನಿರಾಶ್ರಿತರ ಹೈಕಮಿಷನರ್ ಫ್ರಿಟ್ಜೋಫ್ ನ್ಯಾನ್ಸೆನ್ ವಿಶೇಷ ಗುರುತಿನ ಪತ್ರವನ್ನು ರೂಪಿಸಿದರು. ಅದರಿಂದ ಗಡಿ ದಾಟುವುದು ಸಾಧ್ಯವಾಯಿತು, ಪೌರತ್ವ ಮಾತ್ರ ಸಿಗಲಿಲ್ಲ. 1935ರಲ್ಲಿ ನ್ಯೂರೆಂಬರ್ಗ್ ಕಾನೂನುಗಳು ಜರ್ಮನಿಯ ಯಹೂದಿಗಳ ಪೌರ ಹಕ್ಕುಗಳನ್ನು ಕಸಿದವು. ದೇಶದ ಹೊರಗಿದ್ದ ಯಹೂದಿಗಳು 1941ರ ಆದೇಶದಿಂದ ರಾಷ್ಟ್ರೀಯತೆಯನ್ನೇ ಕಳೆದುಕೊಂಡರು.

ಈ ಅನುಭವಕ್ಕೆ ತಾತ್ವಿಕ ರೂಪ ಕೊಟ್ಟವರು ಜರ್ಮನ್ ಯಹೂದಿ ಚಿಂತಕಿ ಹನ್ನಾ ಆರೆಂಟ್. 1933ರಲ್ಲಿ ಜರ್ಮನಿಯಿಂದ ತಪ್ಪಿಸಿಕೊಂಡ ಅವರು ಫ್ರಾನ್ಸಿನಲ್ಲಿ ಕೆಲ ವರ್ಷ ಕಳೆದು 1941ರಲ್ಲಿ ಅಮೆರಿಕ ತಲುಪಿದರು. ಅಲ್ಲಿನ ಪೌರತ್ವ ಸಿಗುವವರೆಗೆ ಹಲವು ವರ್ಷ ಅವರು ಯಾವ ದೇಶದ ಪ್ರಜೆಯೂ ಆಗಿರಲಿಲ್ಲ. 1951ರಲ್ಲಿ ಪ್ರಕಟವಾದ ‘ದಿ ಒರಿಜಿನ್ಸ್ ಆಫ್ ಟೊಟಾಲಿಟೇರಿಯನಿಸಂ’ ಕೃತಿಯಲ್ಲಿ ಅವರು ತೋರಿಸಿದ ವಿಪರ್ಯಾಸ ಹೀಗಿದೆ: 1789ರ ಫ್ರೆಂಚ್ ಮಾನವ ಹಕ್ಕುಗಳ ಘೋಷಣೆಯಲ್ಲಿದ್ದ ಹಕ್ಕುಗಳು ಮನುಷ್ಯಮಾತ್ರರಿಗೆಲ್ಲ ಸೇರಿದ್ದವು. ಆದರೆ ಉಳಿದೆಲ್ಲವನ್ನೂ ಕಳೆದುಕೊಂಡು ಬರೀ ಮನುಷ್ಯರಾಗಿ ಉಳಿದವರು ಎದುರಿಗೆ ಬಂದಾಗ ಆ ಹಕ್ಕುಗಳನ್ನು ಕಾಯಲು ಯಾರೂ ಇರಲಿಲ್ಲ. ಸಣ್ಣ ಕಳ್ಳತನ ಮಾಡಿದವನಿಗೂ ವಿಚಾರಣೆ, ವಕೀಲ, ನಿಗದಿತ ಶಿಕ್ಷೆ ಎಂಬ ಕಾನೂನಿನ ಆಸರೆಯಿತ್ತು. ಏನೂ ತಪ್ಪು ಮಾಡದ ಪೌರತ್ವಹೀನನಿಗೆ ಅದೂ ಇರಲಿಲ್ಲ.

ಪೌರತ್ವಹೀನನಿಗಾಗುವ ನಷ್ಟವನ್ನು ಆರೆಂಟ್ ಹಂತಹಂತವಾಗಿ ವಿವರಿಸುತ್ತಾರೆ. ಮೊದಲು ಮನೆ ಹೋಗುತ್ತದೆ, ಮತ್ತೆ ಸರ್ಕಾರದ ರಕ್ಷಣೆ ಹೋಗುತ್ತದೆ. ಕೊನೆಗೆ, ತನ್ನ ಮಾತಿಗೆ ಬೆಲೆಯಿರುವ, ತನ್ನ ನಡೆಗೆ ಉತ್ತರ ಸಿಗುವ ಸಮುದಾಯದಲ್ಲಿ ಇದ್ದ ಜಾಗವೇ ಹೋಗುತ್ತದೆ. ಹಾಗಾಗಿ ವಾಕ್ ಸ್ವಾತಂತ್ರ್ಯ, ಆಸ್ತಿಯಂಥ ಹಕ್ಕುಗಳಿಗೆಲ್ಲ ಮೊದಲು ಬೇಕಾದದ್ದು, ಅಂಥ ಸಮುದಾಯಕ್ಕೆ ಸೇರುವ ಹಕ್ಕು. ಅದನ್ನೇ ಅವರು ಹಕ್ಕುಗಳನ್ನು ಹೊಂದುವ ಹಕ್ಕು ಎಂದು ಕರೆದರು.

ಆ ಹಕ್ಕು ತಪ್ಪುವಲ್ಲಿ ರಾಷ್ಟ್ರವಾದದ ಪಾತ್ರವಿದೆ. ತನ್ನ ನೆಲದಲ್ಲಿರುವ ಎಲ್ಲರಿಗೂ ಸಮಾನ ಕಾನೂನು ಕೊಡುವುದು ಪ್ರಭುತ್ವದ ಕೆಲಸ. ಪ್ರಭುತ್ವವು ಒಂದು ಜನಾಂಗದ ಸೊತ್ತು ಎಂಬ ಭಾವನೆ ಬಲಿತಾಗ ಕಾನೂನಿಗಿಂತ ವಂಶ ಮೇಲಾಗುತ್ತದೆ. ಉಳಿದವರು ಇದ್ದಲ್ಲೇ ಪರಕೀಯರಾಗುತ್ತಾರೆ.

ದಕ್ಷಿಣ ಏಷ್ಯಾದಲ್ಲೂ ಅದರ ನೆರೆಯಲ್ಲೂ ಇದು ನಡೆದಿದೆ. ಸಿಲೋನಿನ (ಇಂದಿನ ಶ್ರೀಲಂಕಾ) 1948ರ ಪೌರತ್ವ ಕಾಯ್ದೆಯಿಂದ ತಲೆಮಾರುಗಳಿಂದ ಅಲ್ಲಿ ದುಡಿಯುತ್ತಿದ್ದ ಭಾರತ ಮೂಲದ ತಮಿಳು ತೋಟಕಾರ್ಮಿಕರಲ್ಲಿ ಬಹುಪಾಲು ಜನ ಯಾವ ದೇಶದವರೂ ಅಲ್ಲದಂತಾದರು. 1964ರಲ್ಲಿ ಎರಡೂ ದೇಶಗಳ ಪ್ರಧಾನಿಗಳು ಮಾಡಿಕೊಂಡ ಶಾಸ್ತ್ರಿ-ಸಿರಿಮಾವೊ ಒಪ್ಪಂದ 5,25,000 ಮಂದಿಯನ್ನು ಭಾರತಕ್ಕೂ 3,00,000 ಮಂದಿಯನ್ನು ಸಿಲೋನಿಗೂ ಹಂಚಿತು. ಉಳಿದ 1,50,000 ಮಂದಿಯನ್ನು 1974ರಲ್ಲಿ ಸಮಪಾಲು ಮಾಡಿಕೊಳ್ಳಲಾಯಿತು. ಹಾಗೆ ಭಾರತಕ್ಕೆ ಮರಳಿದ ಕೆಲವು ಕುಟುಂಬಗಳಿಗೆ ಕರ್ನಾಟಕ ಸರ್ಕಾರ ಸುಳ್ಯ, ಪುತ್ತೂರು ಭಾಗದ ರಬ್ಬರ್ ತೋಟಗಳಲ್ಲಿ ನೆಲೆ ಕಲ್ಪಿಸಿತು. ಶ್ರೀಲಂಕಾದಲ್ಲೇ ಉಳಿದು ಪೌರತ್ವ ಸಿಗದಿದ್ದವರಿಗಾಗಿ ಆ ದೇಶ 2003ರಲ್ಲಿ ಹೊಸ ಕಾಯ್ದೆ ತಂದಿತು. ಬರ್ಮಾದ (ಇಂದಿನ ಮ್ಯಾನ್ಮಾರ್) 1982ರ ಪೌರತ್ವ ಕಾನೂನು ಅಲ್ಲಿನ ಅಲ್ಪಸಂಖ್ಯಾತ ರೋಹಿಂಗ್ಯಾರನ್ನು ಮಾನ್ಯ ಜನಾಂಗಗಳ ಸಾಲಿನಿಂದ ಹೊರಗಿಟ್ಟಿತು. 2017ರ ಸೇನಾ ಕಾರ್ಯಾಚರಣೆಗೆ ಹೆದರಿ ಅವರಲ್ಲಿ ಏಳು ಲಕ್ಷಕ್ಕೂ ಹೆಚ್ಚು ಮಂದಿ ಬಾಂಗ್ಲಾದೇಶಕ್ಕೆ ಓಡಿದರು.

1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 15ನೇ ವಿಧಿ ರಾಷ್ಟ್ರೀಯತೆ ಪ್ರತಿಯೊಬ್ಬರ ಹಕ್ಕು ಎನ್ನುತ್ತದೆ. ಅದನ್ನು ಕೊಡಬೇಕಾದ ದೇಶ ಯಾವುದೆಂದು ಹೇಳುವುದಿಲ್ಲ. 1961ರ ವಿಶ್ವಸಂಸ್ಥೆಯ ಒಡಂಬಡಿಕೆ ಆ ಕೊರತೆಯನ್ನು ಸ್ವಲ್ಪ ತುಂಬುತ್ತದೆ: ಬೇರೆ ಪೌರತ್ವ ಸಿಗದ ಮಗುವಿಗೆ ಹುಟ್ಟಿದ ದೇಶವೇ ಪೌರತ್ವ ಕೊಡಬೇಕು, ಜನಾಂಗ, ಧರ್ಮ, ರಾಜಕೀಯ ಕಾರಣಗಳಿಗೆ ಅದನ್ನು ಕಿತ್ತುಕೊಳ್ಳಬಾರದು. ಭಾರತ 1954 ಮತ್ತು 1961ರ ಒಡಂಬಡಿಕೆಗಳೆರಡಕ್ಕೂ ಸೇರಿಲ್ಲ. ಸಹಿ ಹಾಕಿದ ದೇಶಗಳಲ್ಲೂ ಇವು ಜಾರಿಯಾಗುವುದು ಆಯಾ ಸರ್ಕಾರದ ಕೈಯಿಂದಲೇ. ಹಕ್ಕು ಕಸಿಯುವ ಶಕ್ತಿಯೂ ಕಾಯುವ ಹೊಣೆಯೂ ಒಂದೇ ಪ್ರಭುತ್ವದಲ್ಲಿ ಸೇರಿರುವುದರಿಂದ, ಪೌರತ್ವವನ್ನು ವಂಶಕ್ಕೆ ಕಟ್ಟದೆ ಬಾಳುವ ನೆಲಕ್ಕೂ ಸಮಾನ ಕಾನೂನಿಗೂ ಕಟ್ಟಿದಾಗಲೇ ಮಾನವ ಹಕ್ಕಿಗೆ ಬಲ ಬರುತ್ತದೆ.