ಬೀಳುವ ಇಟ್ಟಿಗೆಗಳ ಆಟ

ಮಕ್ಕಳೇ, ಸೊಲ್ಲಾಪುರದ ಗಡ್ಡಾ ಯಾತ್ರೆಯನ್ನು ನೀವು ನೋಡಿದ್ದೀರಾ? ಪ್ರತಿ ವರ್ಷ ಜನವರಿ ತಿಂಗಳಲ್ಲಿ ಮಕರ ಸಂಕ್ರಾಂತಿಯ ಸುಮಾರಿಗೆ ಶ್ರೀ ಸಿದ್ಧರಾಮೇಶ್ವರರ ಈ ಜಾತ್ರೆ ನಡೆಯುತ್ತದೆ. ಎತ್ತರವಾದ ನಂದಿಧ್ವಜಗಳ ಮೆರವಣಿಗೆ ಹೊರಡುತ್ತದೆ. ಹೋಮ್ ಮೈದಾನದಲ್ಲಿ ತೊಟ್ಟಿಲುಗಳು ತಿರುಗುತ್ತವೆ. ಮಿಠಾಯಿ, ಬಳೆ, ಆಟಿಕೆಗಳ ಅಂಗಡಿಗಳು ಸಾಲಾಗಿ ನಿಲ್ಲುತ್ತವೆ.

ಕೆಲವು ವರ್ಷಗಳ ಹಿಂದಿನ ಮಾತು. ಅಕ್ಕಲಕೋಟೆಯ ನಮ್ಮ ಶಾಲೆಯ ಇಬ್ಬರು ಮಕ್ಕಳು ಮಾಮಾನ ಜೊತೆ ಎಸ್.ಟಿ. ಬಸ್ಸಿನಲ್ಲಿ ಈ ಯಾತ್ರೆಗೆ ಹೋಗಿದ್ದರು. ಒಬ್ಬ ನಾಲ್ಕನೆಯ ತರಗತಿಯ ಹುಡುಗ. ಇನ್ನೊಬ್ಬಳು ಐದನೆಯ ತರಗತಿಯವಳು, ಅವನ ದೊಡ್ಡಮ್ಮನ ಮಗಳು. ಮಾಮಾ ಇಬ್ಬರಿಗೂ ಸೇರಿ ಒಂದೇ ಆಟಿಕೆ ಕೊಡಿಸಿದರು. ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡ ಪ್ಲಾಸ್ಟಿಕ್ ಡಬ್ಬಿ. ಮೇಲೆ ಚಿಕ್ಕ ಬೂದು ಬಣ್ಣದ ಪರದೆ, ಕೆಳಗೆ ಗುಂಡಿಗಳು, ಒಳಗೆ ಎರಡು ಸೆಲ್ಲು. ಅದಕ್ಕೆ ‘ಬ್ರಿಕ್ ಗೇಮ್’ ಎನ್ನುತ್ತಾರೆ. ಬ್ರಿಕ್ ಎಂದರೆ ಇಟ್ಟಿಗೆ. ಅದರ ಪೆಟ್ಟಿಗೆಯ ಮೇಲೆ ‘ಒಂದರಲ್ಲಿ 9999 ಆಟಗಳು’ ಎಂದು ದಪ್ಪ ಅಕ್ಷರಗಳಲ್ಲಿ ಅಚ್ಚಾಗಿತ್ತು.

ಆಟಿಕೆ ಒಂದು, ಮಕ್ಕಳು ಇಬ್ಬರು. ಅದು ಯಾರ ಮನೆಯಲ್ಲಿರಬೇಕು? ಹೆಚ್ಚು ಅಂಕ ಗಳಿಸಿದವರು ಯುಗಾದಿಯವರೆಗೆ ಇಟ್ಟುಕೊಳ್ಳಬೇಕು ಎಂದು ಪಂದ್ಯ ಕಟ್ಟಿದರು. ಸೋಮವಾರ ಬೆಳಗ್ಗೆ ಪ್ರಾರ್ಥನೆ ಮುಗಿಯುವ ಮೊದಲೇ ಜಗಳ ನನ್ನ ಬಳಿಗೆ ಬಂತು.

“ಸರ್, ನಂಗ 9,400 ಬಿದ್ದಾವ್ರಿ. ಅಕ್ಕಗ 6,100 ಅಷ್ಟೇ. ನಾನೇ ಗೆದ್ದೀನಿ.”

“ಅಂವ ಖಾಲಿ ಪರದೆ ಮ್ಯಾಲ ಆಡ್ಯಾನ್ರಿ ಸರ್. ನಾ ಅರ್ಧ ತುಂಬಿದ್ದರ ಮ್ಯಾಲ ಆಡೀನಿ. ಅದು ಬ್ಯಾರೆ ಆಟ.”

ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಆದರೆ ಇಬ್ಬರ ಕಣ್ಣಲ್ಲೂ ನೀರಿತ್ತು. ನನಗೋ ಆ ಆಟದ ತಲೆಬುಡ ತಿಳಿಯದು. ‘ನಾಳೆ ಹೇಳುತ್ತೇನೆ’ ಎಂದು ಆಟಿಕೆಯನ್ನು ಮನೆಗೆ ಒಯ್ದೆ. ಊಟವಾದ ಮೇಲೆ ಸ್ವಲ್ಪ ಆಡಿ ನೋಡೋಣ ಎಂದು ಕುಳಿತೆ. ತಲೆ ಎತ್ತಿದಾಗ ರಾತ್ರಿ ಹನ್ನೊಂದೂವರೆ ಆಗಿತ್ತು. ಮನೆಯವರ ಕೈಯಲ್ಲಿ ಬೈಸಿಕೊಂಡದ್ದನ್ನು ಇಲ್ಲಿ ಬರೆಯುವುದಿಲ್ಲ.

ಆಟ ಹೀಗಿದೆ. ಪರದೆಯಲ್ಲಿ ಅಡ್ಡಕ್ಕೆ 10, ಉದ್ದಕ್ಕೆ 20, ಒಟ್ಟು 200 ಚಿಕ್ಕ ಚೌಕದ ಮನೆಗಳಿರುತ್ತವೆ. ಮೇಲಿನಿಂದ ಒಂದೊಂದೇ ತುಂಡು ಇಳಿಯುತ್ತದೆ. ಪ್ರತಿ ತುಂಡಿನಲ್ಲೂ ನಾಲ್ಕು ಚೌಕಗಳು. ಗುಂಡಿ ಒತ್ತಿ ತುಂಡನ್ನು ಎಡಕ್ಕೋ ಬಲಕ್ಕೋ ಸರಿಸಬಹುದು, ತಿರುಗಿಸಬಹುದು. ಗೌಂಡಿ ಮಾಮಾ ಮನೆಯಲ್ಲಿ ಶಹಾಬಾದ ಫರಸಿ ಹಾಸುವಾಗ ಸಂದು ಬಿಡದಂತೆ ಕೂಡಿಸುತ್ತಾನಲ್ಲ, ಹಾಗೆಯೇ ಇಲ್ಲಿಯೂ ಸಂದು ಬಿಡದೆ ಕೂಡಿಸಬೇಕು. ಒಂದು ಅಡ್ಡ ಸಾಲಿನ ಹತ್ತೂ ಮನೆಗಳು ತುಂಬಿದವೋ, ಆ ಸಾಲು ಮಾಯವಾಗುತ್ತದೆ. ಅಂಕ ಬರುತ್ತದೆ. ಸಂದು ಬಿಟ್ಟರೆ ಸಾಲು ಹಾಗೆಯೇ ಉಳಿಯುತ್ತದೆ. ರಾಶಿ ಬೆಳೆದು ಮೇಲಿನ ಅಂಚು ಮುಟ್ಟಿದರೆ ಆಟ ಮುಗಿಯಿತು.

ನಾಲ್ಕು ಚೌಕಗಳನ್ನು ಬದಿಗೆ ಬದಿ ತಾಗಿಸಿ ಎಷ್ಟು ಆಕಾರ ಮಾಡಬಹುದು? ಚೌಕಳಿ ಕಾಗದವನ್ನು ಕತ್ತರಿಸಿ ನೀವೇ ನೋಡಿರಿ. ಉದ್ದನೆಯ ಕೋಲು ಒಂದು. ಎರಡರ ಮೇಲೆ ಎರಡು ಇಟ್ಟ ಚೌಕ ಒಂದು. ಮೂರರ ಸಾಲಿನ ನಡುವೆ ಉಬ್ಬು ಇರುವುದು ಒಂದು. ಮೂರರ ಸಾಲಿನ ತುದಿಯಲ್ಲಿ ಬಾಗಿದ ತುಂಡು ಎರಡು. ಒಂದು ಎಡಕ್ಕೆ ಬಾಗಿದ್ದು, ಒಂದು ಬಲಕ್ಕೆ. ಮೆಟ್ಟಿಲಿನಂತೆ ಇರುವ ತುಂಡು ಎರಡು. ಅವೂ ಒಂದು ಎಡಕ್ಕೆ, ಒಂದು ಬಲಕ್ಕೆ. ಒಟ್ಟು ಏಳು. ಎಂಟನೆಯದು ಸಿಕ್ಕಿತು ಎನಿಸಿದರೆ ಕಾಗದವನ್ನು ತಿರುಗಿಸಿ ನೋಡಿರಿ, ಅದು ಏಳರಲ್ಲಿ ಒಂದೇ ಆಗಿರುತ್ತದೆ.

ಈಗ ಒಂದು ಒಗಟು. ಏಳು ತುಂಡುಗಳಲ್ಲಿ ಒಟ್ಟು 28 ಚೌಕಗಳಿವೆ. ಅಡ್ಡಕ್ಕೆ 7, ಉದ್ದಕ್ಕೆ 4 ಮನೆಗಳ ಆಯತದಲ್ಲೂ 28 ಮನೆಗಳಿವೆ. ಹಾಗಾದರೆ ಏಳು ತುಂಡುಗಳಿಂದ ಆ ಆಯತವನ್ನು ತುಂಬಬಹುದೇ? ನಾನು ಒಂದು ಸಂಜೆಯೆಲ್ಲ ತುಂಬಿಸಲು ಹೆಣಗಿದೆ. ಆಗಲಿಲ್ಲ. ಯಾರಿಂದಲೂ ಆಗುವುದಿಲ್ಲ! ಏಕೆಂದು ಕೇಳಿರಿ. ಆಯತದ ಮನೆಗಳಿಗೆ ಚದುರಂಗದ ಹಾಸಿನಂತೆ ಕಪ್ಪು ಬಿಳಿ ಬಣ್ಣ ಹಚ್ಚಿರಿ. 14 ಕಪ್ಪು, 14 ಬಿಳಿ ಆಗುತ್ತವೆ. ಉಬ್ಬಿನ ತುಂಡನ್ನು ಬಿಟ್ಟು ಉಳಿದ ಆರೂ ತುಂಡುಗಳು ಎಲ್ಲಿ ಕುಳಿತರೂ 2 ಕಪ್ಪು, 2 ಬಿಳಿ ಮನೆಗಳನ್ನು ಮುಚ್ಚುತ್ತವೆ. ಉಬ್ಬಿನ ತುಂಡು ಮಾತ್ರ ಒಂದು ಬಣ್ಣದ 3, ಇನ್ನೊಂದು ಬಣ್ಣದ 1 ಮನೆಯನ್ನು ಮುಚ್ಚುತ್ತದೆ. ಕೂಡಿಸಿದರೆ 15 ಮತ್ತು 13. ನಮಗೆ ಬೇಕಾದದ್ದು 14 ಮತ್ತು 14. ಲೆಕ್ಕವೇ ಕೂಡುವುದಿಲ್ಲ.

ಈ ಆಟ ನಮ್ಮ ಯಾತ್ರೆಯ ಅಂಗಡಿಯಲ್ಲಿ ಹುಟ್ಟಿದ್ದಲ್ಲ. 1984ರಲ್ಲಿ ರಷ್ಯಾದ ಮಾಸ್ಕೋ ನಗರದಲ್ಲಿ ಅಲೆಕ್ಸಿ ಪಾಜಿತ್ನೋವ್ ಎಂಬವರು ಇದನ್ನು ರಚಿಸಿದರು. ಅವರು ವಿಜ್ಞಾನ ಅಕಾಡೆಮಿಯ ಗಣಕಯಂತ್ರ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದರು. ಐದೈದು ಚೌಕಗಳ ಹನ್ನೆರಡು ತುಂಡುಗಳನ್ನು ಪೆಟ್ಟಿಗೆಯಲ್ಲಿ ಹೊಂದಿಸುವ ಒಗಟು ಅವರಿಗೆ ಬಹಳ ಇಷ್ಟ. ಅದನ್ನು ಗಣಕಯಂತ್ರದಲ್ಲಿ ಆಡುವಂತೆ ಮಾಡಲು ಹೊರಟು, ಐದರ ಬದಲು ನಾಲ್ಕು ಚೌಕಗಳನ್ನು ಆರಿಸಿಕೊಂಡರು. ಅವರ ಯಂತ್ರದಲ್ಲಿ ಚಿತ್ರ ಬಿಡಿಸಲು ಬರುತ್ತಿರಲಿಲ್ಲ. ಅಕ್ಷರಗಳ ನಡುವೆ ಬಳಸುವ ಕಂಸದ ಗುರುತುಗಳನ್ನೇ ಜೋಡಿಸಿ ಇಟ್ಟಿಗೆ ಮಾಡಿದರು. ಗ್ರೀಕ್ ಭಾಷೆಯಲ್ಲಿ ‘ಟೆಟ್ರಾ’ ಎಂದರೆ ನಾಲ್ಕು. ಅದಕ್ಕೆ ತಮಗೆ ಪ್ರಿಯವಾದ ಟೆನಿಸ್ ಆಟದ ಹೆಸರನ್ನು ಬೆರೆಸಿ ‘ಟೆಟ್ರಿಸ್’ ಎಂದು ಕರೆದರು. 1989ರಲ್ಲಿ ಜಪಾನಿನ ನಿಂಟೆಂಡೊ ಕಂಪನಿಯ ‘ಗೇಮ್ ಬಾಯ್’ ಎಂಬ ಕೈಯಂತ್ರದೊಡನೆ ಅದು ಲೋಕವನ್ನೆಲ್ಲ ಸುತ್ತಿತು.

ಇನ್ನು ಜಗಳದ ವಿಷಯಕ್ಕೆ ಬರೋಣ. ನೀವು ಗೋಟಿ ಆಡುತ್ತೀರಿ. ಗೋಟಿ ಅವೇ ಇದ್ದರೂ, ಒಮ್ಮೆ ಗುಳಿಗೆ ಬೀಳಿಸುವ ಆಟ, ಒಮ್ಮೆ ಗೆರೆಯೊಳಗಿನ ಗೋಟಿಗೆ ಹೊಡೆಯುವ ಆಟ. ಕ್ರಿಕೆಟ್ ನೋಡಿರಿ. ಚೆಂಡು ದಾಂಡು ಬದಲಾಗುವುದಿಲ್ಲ. ಆದರೆ ಟೆಸ್ಟ್ ಪಂದ್ಯ ಐದು ದಿನ ನಡೆಯುತ್ತದೆ, ಒಂದು ದಿನದ ಪಂದ್ಯಕ್ಕೆ 50 ಓವರು, ಟಿ-20ಗೆ 20 ಓವರು. ಟೆಸ್ಟಿನಲ್ಲಿ ಇಡೀ ದಿನ ನಿಂತು ಆಡಿದವನನ್ನು ಹೊಗಳುತ್ತೇವೆ, ಟಿ-20ಯಲ್ಲಿ ಹಾಗೆ ಆಡಿದರೆ ಬೈಯುತ್ತೇವೆ. ಹೀಗೆ ಆಟದ ಸಾಮಗ್ರಿ ಒಂದೇ ಇದ್ದು, ಎಲ್ಲಿಂದ ಆರಂಭ, ಯಾವಾಗ ಮುಕ್ತಾಯ, ಯಾರು ಗೆದ್ದಂತೆ ಎಂಬ ನಿಯಮ ಬದಲಾದರೆ ಅದನ್ನು ಆಟದ ಬೇರೆ ‘ಬಗೆ’ ಎನ್ನಬಹುದು.

ಬೀಳುವ ಇಟ್ಟಿಗೆಗಳ ಆಟದಲ್ಲೂ ಇಂಥ ಬಗೆಗಳಿವೆ. ಎಲ್ಲರೂ ಮೊದಲು ಆಡುವುದು ಕೊನೆಯಿಲ್ಲದ ಬಗೆ. ಖಾಲಿ ಪರದೆಯಿಂದ ಆರಂಭ. ಸಾಲುಗಳು ಅಳಿಸಿದಂತೆಲ್ಲ ತುಂಡುಗಳು ಬೀಳುವ ವೇಗ ಹೆಚ್ಚುತ್ತದೆ. ಆಡುವವನು ಸೋಲುವವರೆಗೆ ಆಟ ನಡೆಯುತ್ತಲೇ ಇರುತ್ತದೆ. ಗೇಮ್ ಬಾಯ್ ಯಂತ್ರದಲ್ಲಿ ಆರಂಭದ ಹಂತದಲ್ಲಿ ಒಂದು ಸಾಲು ಅಳಿಸಿದರೆ 40 ಅಂಕ. ನಾಲ್ಕು ಸಾಲುಗಳನ್ನು ಒಂದೇ ಏಟಿಗೆ ಅಳಿಸಿದರೆ 1,200 ಅಂಕ! ಒಂದೊಂದಾಗಿ ನಾಲ್ಕು ಸಾಲು ಅಳಿಸಿದವನಿಗೆ 160 ಮಾತ್ರ. ಆದ್ದರಿಂದ ಜಾಣರು ಬದಿಯಲ್ಲಿ ಒಂದು ಮನೆಯಗಲ ಜಾಗ ಬಿಟ್ಟು ರಾಶಿ ಬೆಳೆಸುತ್ತಾರೆ. ಉದ್ದ ಕೋಲು ಬರುವುದನ್ನೇ ಕಾಯುತ್ತಾರೆ. ಕೋಲು ಬರುವುದು ತಡವಾದರೆ ಎದೆ ಡವಡವ ಎನ್ನುತ್ತದೆ.

ಕೊನೆಯಿಲ್ಲದ ಆಟಕ್ಕೆ ನಿಜವಾಗಿ ಕೊನೆ ಇಲ್ಲವೇ? 1997ರಲ್ಲಿ ಹೈಡಿ ಬರ್ಗೀಲ್ ಎಂಬ ಗಣಿತಜ್ಞೆ ಇದನ್ನು ಲೆಕ್ಕ ಹಾಕಿದರು. ಎಡ ಮೆಟ್ಟಿಲು, ಬಲ ಮೆಟ್ಟಿಲು ಒಂದಾದ ಮೇಲೊಂದು ಬೀಳುತ್ತಲೇ ಹೋದರೆ, ಎಂಥ ನಿಪುಣನಾದರೂ 70,000 ತುಂಡುಗಳೊಳಗೆ ಸೋಲಲೇಬೇಕು ಎಂದು ತೋರಿಸಿದರು. ಇನ್ನೊಂದು ಕೊನೆಯೂ ಇದೆ. ನಿಂಟೆಂಡೊ ಕಂಪನಿಯ 1989ರ ಮನೆಯಂತ್ರದಲ್ಲಿ ಆಡುವಾಗ 29ನೆಯ ಹಂತ ತಲುಪಿದರೆ ತುಂಡುಗಳು ಕಣ್ಣು ಮಿಟುಕಿಸುವುದರೊಳಗೆ ಕೆಳಗೆ ಬೀಳುತ್ತವೆ. ಅಲ್ಲಿಂದ ಮುಂದೆ ಯಾರೂ ಹೋಗಲಾರರು ಎಂದು ಬಹಳ ವರ್ಷ ನಂಬಿದ್ದರು. ಅಮೆರಿಕದ ವಿಲ್ಲಿಸ್ ಗಿಬ್ಸನ್ ಎಂಬ 13 ವರ್ಷದ ಹುಡುಗ 2023ರ ಡಿಸೆಂಬರ್ 21ರಂದು 157ನೆಯ ಹಂತದವರೆಗೆ ಆಡಿದ. ಆಗ ಅವನು ಸೋಲಲಿಲ್ಲ, ಆಟವೇ ನಿಂತುಹೋಯಿತು! ಯಾರೂ ಅಷ್ಟು ದೂರ ಬರಲಾರರು ಎಂದೇ ಆಟವನ್ನು ಬರೆದಿದ್ದರು.

ಎರಡನೆಯದು ಗುರಿಯ ಬಗೆ. ಗೇಮ್ ಬಾಯ್‌ನಲ್ಲಿ ಇದಕ್ಕೆ 25 ಸಾಲುಗಳ ಗುರಿ. ಅಷ್ಟು ಅಳಿಸಿದರೆ ಗೆದ್ದಂತೆ. ಆದರೆ ಆರಂಭದಲ್ಲಿಯೇ ಪರದೆಯ ಕೆಳಭಾಗದಲ್ಲಿ ಹರಕು ಮುರುಕು ಇಟ್ಟಿಗೆಗಳನ್ನು ಬೇಕಾದಷ್ಟು ಎತ್ತರಕ್ಕೆ ತುಂಬಿಸಿಕೊಳ್ಳಬಹುದು. ಬೇರೆಯವರು ಕೆಡಿಸಿಟ್ಟ ಗೋಡೆಯನ್ನು ನಾವು ಸರಿಪಡಿಸುತ್ತ ಕೂತಂತೆ. ನಮ್ಮ ಹುಡುಗಿ ಆಡಿದ್ದು ಇದನ್ನೇ ಹೋಲುವ ಬಗೆ. ನನಗೆ ಹೆಚ್ಚು ಹಿಡಿಸಿದ್ದೂ ಇದೇ.

ಮೂರನೆಯದು ಓಟದ ಬಗೆ. 40 ಸಾಲುಗಳನ್ನು ಎಷ್ಟು ಬೇಗ ಅಳಿಸುತ್ತೀರಿ ಎಂದು ಗಡಿಯಾರ ನೋಡುತ್ತದೆ. ಅಂಕ ಎಷ್ಟೆಂದು ಇಲ್ಲಿ ಯಾರೂ ಕೇಳುವುದಿಲ್ಲ. 40 ಸಾಲು ಎಂದರೆ 400 ಮನೆ. ತುಂಡಿಗೆ ನಾಲ್ಕು ಮನೆಯಂತೆ ಕಡಿಮೆ ಎಂದರೂ 100 ತುಂಡುಗಳು ಬೇಕು. ಇದನ್ನು ತಿರುಗಿಸಿದರೆ ಇನ್ನೊಂದು ಬಗೆ: ಎರಡು ಮೂರು ನಿಮಿಷ ಗೊತ್ತುಮಾಡಿ, ಅಷ್ಟರೊಳಗೆ ಎಷ್ಟು ಅಂಕ ಎಂದು ನೋಡುವುದು. ಇಬ್ಬರ ಎದುರುಬದುರು ಆಟವೂ ಉಂಟು. ಎರಡು ಗೇಮ್ ಬಾಯ್‌ಗಳನ್ನು ತಂತಿಯಿಂದ ಜೋಡಿಸುತ್ತಾರೆ. ನೀವು ಒಂದೇ ಸಲಕ್ಕೆ ನಾಲ್ಕು ಸಾಲು ಅಳಿಸಿದರೆ, ಎದುರಾಳಿಯ ಪರದೆಯಲ್ಲಿ ಕೆಳಗಿನಿಂದ ನಾಲ್ಕು ಸಾಲು ಕಸ ಮೇಲೇಳುತ್ತದೆ!

ಮೊಬೈಲಿನಲ್ಲಿ ಬಣ್ಣದ ಹರಳು, ಮಿಠಾಯಿ ಹೊಂದಿಸುವ ಆಟಗಳನ್ನೂ ನೀವು ನೋಡಿರಬಹುದು. ಅವೂ ಇದೇ ವಂಶದವು. 2001ರಲ್ಲಿ ಬಂದ ‘ಬಿಜುವೆಲ್ಡ್’ ಆಟದಲ್ಲಿ ಅಕ್ಕಪಕ್ಕದ ಎರಡು ಹರಳುಗಳನ್ನು ಅದಲು ಬದಲು ಮಾಡಿ ಒಂದೇ ಬಣ್ಣದ ಮೂರನ್ನು ಸಾಲಾಗಿಸಬೇಕು. ಅದಕ್ಕೆ ಎರಡು ಬಗೆ. ಒಂದರಲ್ಲಿ ಎಷ್ಟು ಹೊತ್ತು ಬೇಕಾದರೂ ಯೋಚಿಸಬಹುದು, ಹೂಡಲು ನಡೆಯೇ ಉಳಿಯದಿದ್ದರೆ ಆಟ ಮುಗಿಯುತ್ತದೆ. ಇನ್ನೊಂದರಲ್ಲಿ ಸಮಯ ಓಡುತ್ತಿರುತ್ತದೆ. 2012ರ ‘ಕ್ಯಾಂಡಿ ಕ್ರಶ್’ ಆಟದಲ್ಲಿ ಇಷ್ಟೇ ನಡೆಗಳಲ್ಲಿ ಗುರಿ ಮುಟ್ಟಬೇಕು ಎಂಬ ಕಟ್ಟಳೆ ಹೆಚ್ಚು.

ಮರುದಿನ ಶಾಲೆಯಲ್ಲಿ ಇದನ್ನೆಲ್ಲ ಹಲಗೆಯ ಮೇಲೆ ಗೆರೆ ಎಳೆದು ವಿವರಿಸಿದೆ. ಹುಡುಗ ಒಪ್ಪಲಿಲ್ಲ. “ಹಾಂಗಾದ್ರ 9999 ಆಟದಾಗ ನಾವು ಆಡಿದ್ದು ಯಾವುದ್ರಿ?” ಎಂದ.

ಒಳ್ಳೆಯ ಪ್ರಶ್ನೆ. ನಾವು ಗುಂಡಿ ಒತ್ತಿ ಎಣಿಸಿದೆವು. ಪೂರ್ತಿ ಬೇರೆಯಾದ ಆಟಗಳು ಬೆರಳೆಣಿಕೆಯಷ್ಟೇ ಇದ್ದವು. ಇಟ್ಟಿಗೆ ಬೀಳುವುದು, ಕಾರು ಓಡುವುದು, ಹಾವು ಬೆಳೆಯುವುದು, ಹೀಗೆ. ಆದರೆ ಪ್ರತಿ ಆಟಕ್ಕೂ ಹತ್ತು ಬಗೆಯ ವೇಗ, ಹತ್ತು ಬಗೆಯ ಆರಂಭದ ಎತ್ತರ ಇತ್ತು. ಹತ್ತನ್ನು ಹತ್ತರಿಂದ ಗುಣಿಸಿದರೆ ಒಂದೇ ಆಟ ನೂರಾಯಿತು! ಸಾವಿರಗಳ ಲೆಕ್ಕ ಎಲ್ಲಿಂದ ಬಂತೆಂದು ಎಲ್ಲರಿಗೂ ತಿಳಿಯಿತು.

“ಹಂಗಂದ್ರ ಪೆಟಗಿ ಮ್ಯಾಲ ಸುಳ್ಳ ಬರದಾರೇನ್ರಿ ಸರ್?” ಹುಡುಗಿ ಕೇಳಿದಳು.

ನಾನು ಸ್ವಲ್ಪ ಯೋಚಿಸಿದೆ. ಖಾಲಿ ಪರದೆಯ ಆಟವೂ ಅರ್ಧ ತುಂಬಿದ ಪರದೆಯ ಆಟವೂ ಬೇರೆ ಎಂದು ಅವಳೇ ವಾದಿಸಿದ್ದಳು. ಆ ಲೆಕ್ಕದಲ್ಲಿ ಪೆಟ್ಟಿಗೆಯವರು ಪೂರ್ತಿ ಸುಳ್ಳರಲ್ಲ. ಆದರೆ ವೇಗ ಮೂರಕ್ಕೂ ವೇಗ ನಾಲ್ಕಕ್ಕೂ ಇರುವ ವ್ಯತ್ಯಾಸವನ್ನು ‘ಇನ್ನೊಂದು ಆಟ’ ಎಂದು ಮಾರುವುದು ನನಗೆ ಸರಿ ಕಾಣಲಿಲ್ಲ. ಹಾಗೆಂದೇ ಹೇಳಿದೆ.

ಕೊನೆಗೆ ಒಂದು ನಿಯಮ ಮಾಡಿದೆವು. ಇಬ್ಬರಿಗೂ ಒಂದೇ ವೇಗ, ಒಂದೇ ಎತ್ತರ, ಐದೈದು ನಿಮಿಷ. ಯಾವ ತುಂಡು ಯಾವಾಗ ಬೀಳುವುದೋ ಅದು ಅದೃಷ್ಟ. ಅದಕ್ಕಾಗಿ ಒಂದೇ ಸಲ ಆಡಿ ಮುಗಿಸದೆ ಮೂರು ಮೂರು ಸಲ ಆಡಿ ಅಂಕ ಕೂಡಿಸಬೇಕು. ಊಟದ ಬಿಡುವಿನಲ್ಲಿ ಅರ್ಧ ಶಾಲೆಯೇ ಬೇವಿನ ಗಿಡದ ಕೆಳಗೆ ಸೇರಿತು. ನಾನು ಗಡಿಯಾರ ಹಿಡಿದೆ. ಮೊದಲ ಸಲ ಹುಡುಗ ಮುಂದಿದ್ದ. ಎರಡನೆಯ ಸಲ ಅವನು ಉದ್ದ ಕೋಲಿಗಾಗಿ ಕಾಯುತ್ತ ಕಾಯುತ್ತ ರಾಶಿ ಮೇಲೇರಿ ಮೂರೇ ನಿಮಿಷಕ್ಕೆ ಆಟ ಮುಗಿಯಿತು. ಹುಡುಗಿ ಕೋಲಿಗೆ ಕಾಯಲೇ ಇಲ್ಲ. ಒಂದು, ಎರಡು ಸಾಲುಗಳಾದರೂ ಸರಿ ಎಂದು ಅಳಿಸುತ್ತ ಹೋದಳು. ಮೂರೂ ಕೂಡಿಸಿದಾಗ ಅವಳದು ಹೆಚ್ಚಾಯಿತು.

ಹುಡುಗ ಆಟಿಕೆಯನ್ನು ಅಕ್ಕನ ಕೈಗೆ ಕೊಟ್ಟ. ಆಮೇಲೆ ಮೆಲ್ಲಗೆ, “ಅಕ್ಕಾ, ಯುಗಾದಿ ಮುಗದ ಮ್ಯಾಲ ಖಾಲಿ ಪರದೆ ಮ್ಯಾಲ ಆಡೋಣೇನ?” ಎಂದು ಕೇಳಿದ.

“ಆಡೋಣಂತ,” ಎಂದಳು ಅವಳು. “ಆದ್ರ ಅದು ಬ್ಯಾರೆ ಪಂದ್ಯ.”