ಅಳೆಯುವ ಸಾಧನವೇ ಅಡ್ಡಿಯಾದಾಗ

ನೀರಿನ ಕೊಳವೆಯೊಂದು ನಿಮಿಷಕ್ಕೆ ಎಷ್ಟು ನೀರನ್ನು ಸಾಗಿಸಬಲ್ಲದೆಂಬುದನ್ನು ತಿಳಿಯಬೇಕಾದರೆ, ಅದು ತುಂಬಿ ಹರಿಯುವಷ್ಟು ನೀರನ್ನು ಬಿಟ್ಟು ನೋಡಬೇಕು. ನೀರು ಬಿಡುವ ನಲ್ಲಿಯೇ ಕಿರಿದಾಗಿದ್ದರೆ ದೊರೆಯುವ ಅಂಕಿ ನಲ್ಲಿಯದೇ ಹೊರತು ಕೊಳವೆಯದಲ್ಲ. ಗಣಕಯಂತ್ರಗಳನ್ನು ಕೂಡಿಸುವ ಜಾಲಗಳ ವಿಷಯದಲ್ಲಿಯೂ ಇದೇ ತೊಡಕು ಉಂಟು.

ಜಾಲದ ಸಾಮರ್ಥ್ಯವನ್ನು ಅರಿಯಲು ಒಂದು ಗಣಕದಿಂದ ಇನ್ನೊಂದಕ್ಕೆ ಕೃತಕ ದತ್ತಾಂಶವನ್ನು ಎಡೆಬಿಡದೆ ಹರಿಸುವ ತಂತ್ರಾಂಶಗಳಿವೆ. ಅಮೆರಿಕದ ಇಎಸ್‌ನೆಟ್ ರೂಪಿಸಿದ ‘ಐಪರ್ಫ್ 3’ ಇವುಗಳಲ್ಲಿ ಪ್ರಸಿದ್ಧವಾದುದು.

ಈ ಕೆಲಸದ ಹೊರೆ ಎಷ್ಟೆಂಬುದನ್ನು ಲೆಕ್ಕಹಾಕೋಣ. ಈಥರ್ನೆಟ್ ಜಾಲದಲ್ಲಿ ದತ್ತಾಂಶವು ಪೊಟ್ಟಣಗಳಾಗಿ ಸಾಗುತ್ತದೆ. ಅತ್ಯಂತ ಚಿಕ್ಕ ಪೊಟ್ಟಣ 64 ಬೈಟುಗಳದು. ಅದರ ಮುನ್ಸೂಚಕ ಸಂಕೇತವೂ ಎರಡು ಪೊಟ್ಟಣಗಳ ನಡುವಣ ತೆರಪೂ ಸೇರಿದರೆ 84 ಬೈಟು, ಎಂದರೆ 672 ಬಿಟ್ಟು. ಸೆಕೆಂಡಿಗೆ 10 ಗಿಗಾಬಿಟ್ಟುಗಳನ್ನು, ಅಂದರೆ 1,000 ಕೋಟಿ ಬಿಟ್ಟುಗಳನ್ನು, ಒಯ್ಯುವ ತಂತಿಯನ್ನು ಇಂಥವುಗಳಿಂದ ತುಂಬಲು ಸೆಕೆಂಡಿಗೆ ಸುಮಾರು 1 ಕೋಟಿ 48 ಲಕ್ಷ ಪೊಟ್ಟಣಗಳು ಬೇಕು. ಒಂದೊಂದಕ್ಕೆ ದೊರೆಯುವ ಕಾಲ 67.2 ನ್ಯಾನೊಸೆಕೆಂಡು. ಸೆಕೆಂಡಿಗೆ 300 ಕೋಟಿ ಸಲ ಮಿಡಿಯುವ ಪ್ರೊಸೆಸರ್ ಅಷ್ಟರಲ್ಲಿ ಮಿಡಿಯುವುದು ಕೇವಲ 200 ಸಲ! ಪ್ರತಿ ಪೊಟ್ಟಣಕ್ಕೂ ಕಾರ್ಯಾಚರಣ ವ್ಯವಸ್ಥೆಯ ನೆರವನ್ನು ಬೇಡುವ ಸಾಮಾನ್ಯ ತಂತ್ರಾಂಶಕ್ಕೆ ಇದು ಸಾಲದು. ದೊಡ್ಡ ಪೊಟ್ಟಣಗಳಿಂದ ಹೊರೆ ಇಳಿಯುತ್ತದೆ, ನಿಜ. ಆದರೆ 100 ಗಿಗಾಬಿಟ್ಟಿನ ತಂತಿಯೆದುರು ಅದೇ ಕಷ್ಟ ಮತ್ತೆ ತಲೆದೋರುತ್ತದೆ.

ಇಂದಿನ ಪ್ರೊಸೆಸರುಗಳಲ್ಲಿ ಸ್ವತಂತ್ರವಾಗಿ ದುಡಿಯಬಲ್ಲ ಹಲವು ‘ಕೋರ್’ಗಳಿವೆ. ಆದರೆ 2023ರಲ್ಲಿ 3.16ನೆಯ ಆವೃತ್ತಿ ಬರುವವರೆಗೆ ‘ಐಪರ್ಫ್ 3’ ಎಷ್ಟು ಹರಿವುಗಳನ್ನು ಬೇಡಿದರೂ ಅವೆಲ್ಲವನ್ನೂ ಒಂದೇ ಕೋರಿನ ಮೇಲೆ ಹೇರುತ್ತಿತ್ತು. ಇದಕ್ಕೆ ಉಪಾಯವೆಂದರೆ ಅದರ ಹಲವು ಪ್ರತಿಗಳನ್ನು ಒಂದೇ ಯಂತ್ರದಲ್ಲಿ ಏಕಕಾಲಕ್ಕೆ ನಡೆಸುವುದು. ಸ್ವೀಕರಿಸುವ ಕಡೆ ಪ್ರತಿಯೊಂದಕ್ಕೂ ಪ್ರತ್ಯೇಕ ಬಾಗಿಲು, ಎಂದರೆ ಪೋರ್ಟ್ ಸಂಖ್ಯೆ, ಇರಬೇಕು. ರೂಢಿಯ ಸಂಖ್ಯೆ 5201. ಉಳಿದವಕ್ಕೆ 5202, 5203 ಎಂದು ಕೊಡಬಹುದು. ಒಂದೊಂದು ಪ್ರತಿಯನ್ನು ಒಂದೊಂದು ಕೋರಿಗೆ ನಿಗದಿಮಾಡಬೇಕು. ನಾಲ್ಕೂ ಒಂದೇ ಕೋರನ್ನು ಹಂಚಿಕೊಂಡರೆ ಲಾಭವೇನೂ ಇಲ್ಲ.

ಅಂಕಿಗಳನ್ನು ಕೂಡುವಾಗಲೂ ಎಚ್ಚರ ಬೇಕು. ಎಲ್ಲ ಪ್ರತಿಗಳೂ ಜೊತೆಯಾಗಿ ನಡೆದ ಅವಧಿಯನ್ನು ಮಾತ್ರ ಗಣಿಸಬೇಕು. ಒಂದು ಮೊದಲೇ ನಿಂತು, ಅದರ ಪಾಲು ಉಳಿದವಕ್ಕೆ ದೊರೆತಿದ್ದರೆ, ಸರಾಸರಿಗಳ ಮೊತ್ತವು ತಂತಿಯ ಸಾಮರ್ಥ್ಯವನ್ನೇ ಮೀರೀತು! ಕಳುಹಿಸುವ ಹಾಗೂ ಸ್ವೀಕರಿಸುವ ಪ್ರತಿಗಳೆರಡನ್ನೂ ಒಂದೇ ಯಂತ್ರದಲ್ಲಿಟ್ಟರೆ ದತ್ತಾಂಶವು ಸಾಮಾನ್ಯವಾಗಿ ತಂತಿಯನ್ನು ಮುಟ್ಟುವುದೇ ಇಲ್ಲ. ಯಂತ್ರದೊಳಗೇ ತಿರುಗಿ ಬರುತ್ತದೆ.

ಹಾಗಾದರೆ ನಾವು ಅಳೆದದ್ದು ಯಾವುದನ್ನು? ಪ್ರತಿಗಳನ್ನು ಒಂದು, ಎರಡು, ನಾಲ್ಕು ಎಂದು ಏರಿಸುತ್ತ ಮೊತ್ತವನ್ನು ಗಮನಿಸೋಣ. ಅದು ಏರುತ್ತಿರುವಷ್ಟು ಕಾಲ ಅಡ್ಡಿಯಾಗಿದ್ದುದು ನಮ್ಮ ಸಾಧನವೇ. ಕೋರ್‌ಗಳಿಗೆ ಬಿಡುವಿದ್ದೂ ಮೊತ್ತವು ನಿಂತಲ್ಲೇ ನಿಂತರೆ ಮಿತಿಯು ಬೇರೆಡೆ, ಜಾಲದಲ್ಲಿ ಅಥವಾ ಯಂತ್ರವನ್ನು ಅದಕ್ಕೆ ಜೋಡಿಸುವ ಕಾರ್ಡಿನಲ್ಲಿ, ಇದೆಯೆಂದು ತಿಳಿಯಬೇಕು. ಈ ಪರೀಕ್ಷೆಯನ್ನು ಮಾಡದೆ ನಿರ್ಧಾರಕ್ಕೆ ಬಂದವರು ಸುಸ್ಥಿತಿಯಲ್ಲಿರುವ ತಂತಿಯನ್ನೇ ಕಿತ್ತು ಹಣ ಕಳೆದುಕೊಂಡಾರು.

ಕಡಿಮೆ ರೋಧದ ವೋಲ್ಟ್‌ಮೀಟರು ತಾನು ಅಳೆಯಬೇಕಾದ ವಿಭವಾಂತರವನ್ನೇ ಕುಗ್ಗಿಸುವುದನ್ನು ವಿದ್ಯಾರ್ಥಿಗಳು ಬಲ್ಲರು. ಪ್ರಯೋಗಶಾಲೆ ಬದಲಾಗಿದೆ, ನಿಯಮ ಬದಲಾಗಿಲ್ಲ. ಅಳತೆಗೆ ಮೊದಲು ಅಳತೆಗೋಲನ್ನು ಪರೀಕ್ಷಿಸಬೇಕು.